ಬೆನ್ನಿಗೊಂದು ಕನ್ನಡಿ

ಊರಿಗೆಲ್ಲ ಕನ್ನಡಿ ಕೂರಿಸುವವನ ಮನೆಯಲ್ಲೇ ಕನ್ನಡಿಗೆ ಮುಸುಕು ಬಿದ್ದು ಹತ್ತು ತಿಂಗಳಾಗಿತ್ತು. ಬೆನ್ನುಮೂಳೆಯ ಆಪರೇಷನ್ ಮುಗಿಸಿ ಬಂದ ದಿನವೇ ಅವನ ಹೆಂಡತಿ ಬೀರುವಿನ ನಿಲುವುಗನ್ನಡಿಗೆ ಹಳೇ ಬೆಡ್‌ಶೀಟ್ ಇಳಿಬಿಟ್ಟಳು. ಅಂದಿನಿಂದ ಬಟ್ಟೆ ಬದಲಿಸುವುದು ಬಾಗಿಲು ಹಾಕಿಕೊಂಡು, ಮಲಗುವುದು ಗೋಡೆಗೆ ಬೆನ್ನು ಕೊಟ್ಟು. ಮಕ್ಕಳಿಗೆ ಈಜು ಕಲಿಸುತ್ತಿದ್ದವಳು ಈಗ ಕತ್ತಿನವರೆಗೆ ಗುಂಡಿ ಹಾಕಿಕೊಂಡು ಕೊಳದ ದಡದಲ್ಲಿ ಬರೀ ಸೀಟಿ ಊದುತ್ತಿದ್ದಳು. ಅವಳು ಒಮ್ಮೆಯೂ ಕಣ್ಣಾರೆ ನೋಡಿರದ ಬೆನ್ನಿನ ಗಾಯ ಮಾಗಿ ಎಷ್ಟೋ ದಿನವಾಗಿತ್ತು. ಆದರೂ ಗಂಡನ ಕೈ ಹೆಗಲಿಗೆ ತಾಗಿದರೆ ಸಾಕು, "ಬೇಡ ರೀ" ಎಂದು ಸರಿದುಬಿಡುತ್ತಿದ್ದಳು. ಆ 'ಬೇಡ' ಇನ್ನು ಹೀಗೇ ಉಳಿದುಬಿಟ್ಟರೆ ಎಂಬ ಭಯ ಅವನನ್ನು ಕಾಡುತ್ತಿತ್ತು.

ಮದುವೆಯಾಗಿ ಇಪ್ಪತ್ತು ವರ್ಷ ತುಂಬುವ ದಿನ ಬಂತು. ಇಷ್ಟು ವರ್ಷ ಕುಕ್ಕರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಕೊಟ್ಟು ಕೈತೊಳೆದುಕೊಂಡ ಮಹಾನುಭಾವ, ಈ ಸಲ ಅವಳ ಮೈಮನಸ್ಸಿಗೆ ಹತ್ತಿರವಾದದ್ದೇನಾದರೂ ಕೊಡೋಣವೆಂದು ಹಳೇ ಸಾಮಾನಿನ ಅಂಗಡಿಗೆ ಹೋದ.

ಅಂಗಡಿಯ ಅಜ್ಜಿ ಒಂದೊಂದೇ ಮೇಜಿನ ಮೇಲಿಟ್ಟಳು. ರಬ್ಬರಿನ ಬುರುಡೆ ಒತ್ತಿದರೆ ಚಿಮ್ಮುವ ಅತ್ತರಿನ ಸೀಸೆ. ಹಂಸದ ಚಿತ್ರವಿದ್ದ ಪೌಡರ್ ಡಬ್ಬಿ. ರೇಷ್ಮೆಯ ಬೀಸಣಿಗೆ. ಒರಗಿ ಮಲಗಿದ ಹಿತ್ತಾಳೆಯ ಹೆಣ್ಣೊಬ್ಬಳು ಹೊರಬಂದಾಗ ಅವನ ಕಿವಿ ಕೆಂಪಾದವು.

"ನಾಚ್ಕೆ ಯಾಕಪ್ಪಾ? ಇವೆಲ್ಲ ಯಾರೋ ಯಾರಿಗೋ ಆಸೆಪಟ್ಟು ಕೊಟ್ಟಿದ್ದೇ" ಎಂದಳು ಅಜ್ಜಿ. "ಕಣ್ಣಲ್ಲಿ ಆರಿಸ್ಬೇಡ. ಕಣ್ಣಿಗೆ ಎಲ್ಲಾ ಹಳೇದಾಗೇ ಕಾಣುತ್ತೆ. ಕೈಯಲ್ಲಿ ಆರಿಸು."

ಅವನು ಕಣ್ಣು ಮುಚ್ಚಿ ತಡಕಿದ. ಸೀಸೆ ಚುಚ್ಚಿತು, ಡಬ್ಬಿಯ ಮುಚ್ಚಳ ಜಪ್ಪಯ್ಯ ಎಂದರೂ ಏಳಲಿಲ್ಲ. ಆಮೇಲೆ ಅಂಗೈಗೆ ತಣ್ಣನೆಯ, ದುಂಡನೆಯ ಲೋಹವೊಂದು ಸಿಕ್ಕಿತು. ಬಳ್ಳಿಯ ಕೆತ್ತನೆ ಬೆರಳಿನಡಿ ಮೆತ್ತಗೆ ಹರಿಯಿತು. ಹಿಡಿಯಲ್ಲೊಂದು ಪುಟ್ಟ ತಗ್ಗು. ಯಾವ ಹೆಣ್ಣಿನ ಹೆಬ್ಬೆರಳೋ ವರ್ಷಗಟ್ಟಲೆ ಸವೆಸಿದ್ದು. ಅವನ ಹೆಬ್ಬೆರಳು ಅದರಲ್ಲಿ ಹೋಗಿ ಕೂತುಬಿಟ್ಟಿತು.

"ಇದೇ ಅಜ್ಜಿ."

ಕಣ್ಣು ಬಿಟ್ಟರೆ ಬೆಳ್ಳಿಯ ಬೆನ್ನಿನ ಕೈಗನ್ನಡಿ. ಗಾಜು ಕಪ್ಪಿಟ್ಟು, ಮುಖ ಹೊಗೆಯಾಚೆ ಇದ್ದ ಹಾಗೆ ಕಾಣುತ್ತಿತ್ತು. ಮನಸ್ಸೆಲ್ಲ ಹೆಬ್ಬೆರಳಿನಲ್ಲೇ ಇದ್ದುದರಿಂದ ಅವನಿಗೆ ಬೇರೇನೂ ಹೊಳೆಯಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು. ತನ್ನ ಅಂಗಡಿಗೆ ಬಂದು ಕೂತವನೇ, ಕಲೆಬಿದ್ದ ಗಾಜನ್ನು ಕಂಡು ಸುಮ್ಮನಿರಲಾರದೆ ಮೀಟಿದ. ಅದು ಮೂರು ಚೂರಾಯಿತು. ಇದ್ದುದರಲ್ಲೇ ಒಳ್ಳೆಯ ಕನ್ನಡಿ ತೆಗೆದು, ವಜ್ರದ ಮೊನೆಯಿಂದ ದುಂಡಗೆ ಗೀರಿ, ಕತ್ತರಿಸಿ ಕೂರಿಸಿದ. ಕಾಗದದಲ್ಲಿ ಒರೆಸಿ ಎತ್ತಿ ಹಿಡಿದರೆ ಮೂಗಿನ ಕೂದಲು ಸಹಿತ ಕಾಣಬೇಕೇ! ಆಗ ಅವನಿಗೆ ಹೊಳೆಯಿತು. ಕನ್ನಡಿಗೆ ಮುಸುಕು ಹಾಕಿದವಳಿಗೆ ಕನ್ನಡಿಯ ಉಡುಗೊರೆ! ಹೊಗೆಯಂಥ ಗಾಜಾದರೂ ಇದ್ದಿದ್ದರೆ ಏನೋ ಒಂದು ಸಮಜಾಯಿಷಿ ಕೊಡಬಹುದಿತ್ತು. ಅದನ್ನೂ ತಾನೇ ಕೈಯಾರೆ ಕಳೆದಿದ್ದ. ಬದಲಾಯಿಸೋಣವೆಂದು ಓಡಿದರೆ ಅಜ್ಜಿ ಬಾಗಿಲು ಹಾಕಿಕೊಂಡು ಹೋಗಿದ್ದಳು.

ಸಂಜೆ ಹೆಂಡತಿ ಪೊಟ್ಟಣ ಬಿಚ್ಚಿದಳು. ಬೆಳ್ಳಿಯ ಬೆನ್ನು ಮೇಲಿತ್ತು. ಅವಳ ಹೆಬ್ಬೆರಳೂ ನೇರ ಹೋಗಿ ಆ ತಗ್ಗಿನಲ್ಲೇ ಕೂತಿತು, ಮುಖ ಅರಳಿತು.

"ಈ ಕಡೆ ಮಾತ್ರ ನೋಡು ಕಣೆ. ಆ ಕಡೆ ಅಂಥದ್ದೇನಿಲ್ಲ" ಎಂದ ಆ ಪೆದ್ದ.

ಹಾಗೆಂದ ಮೇಲೆ ತಿರುಗಿಸದವರುಂಟೇ? ತಿರುಗಿಸಿದಳು. ನಗು ಮಾಯವಾಯಿತು. ಕನ್ನಡಿ ಹಿಡಿದೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನು ಬಾಗಿಲ ಹೊರಗೆ ನಿಂತು ತನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ತನಗೇ ಬೈದುಕೊಂಡ. ಒಳಗೆ ಬಟ್ಟೆ ಸರಿದ ಸದ್ದು. ಕೊನೆಗೆ ಚಿಲಕ ತೆರೆಯಿತು.

"ರೀ, ಬನ್ನಿ ಇಲ್ಲಿ. ಒಬ್ಬಳಿಗೇ ಆಗ್ತಿಲ್ಲ, ಇದನ್ನ ಹಿಡ್ಕೊಳ್ಳಿ."

ಬೆಡ್‌ಶೀಟ್ ನೆಲದ ಮೇಲಿತ್ತು. ಅವಳು ನಿಲುವುಗನ್ನಡಿಗೆ ಬೆನ್ನು ಮಾಡಿ, ಅಂಗಿಯನ್ನು ಸೊಂಟಕ್ಕೆ ಇಳಿಸಿ ನಿಂತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಬೆನ್ನಿನ ಗಾಯಕ್ಕೆ ಎರಡು ಬೇಕು. ಕನ್ನಡಿಯವನಿಗೇ ಹೊಳೆಯದ ಆ ಲೆಕ್ಕ ಅವಳಿಗೆ ಹೊಳೆದಿತ್ತು. ಅವನು ಕೈಗನ್ನಡಿಯನ್ನು ಅವಳ ಮುಖದ ಮುಂದೆ ಹಿಡಿದು, ಚೂರು ಎಡಕ್ಕೆ ಓರೆ ಮಾಡಿದ.

ಅವಳು ನೋಡಿದಳು. ಇನ್ನೊಮ್ಮೆ ನೋಡಿದಳು.

"ಇಷ್ಟೇನಾ?"

"ಇಷ್ಟೇ."

"ಜರಿಹುಳದ ಥರ ಇರುತ್ತೆ ಅಂದ್ಕೊಂಡಿದ್ದೆ ರೀ. ಇದು ದಾರ ಎಳೆದ ಹಾಗಿದೆ! ಇದಕ್ಕಾ ಹತ್ತು ತಿಂಗಳು ಹೆದರಿದ್ದು?" ಅವಳು ಅಳುತ್ತಲೇ ನಗತೊಡಗಿದಳು. ಅವನಿಗೆ ಹೋದ ಜೀವ ಬಂದಂತಾಯಿತು. ಮಂಚದ ಅಂಚಿಗೆ ಕೂತ.

ಅವಳು ಕನ್ನಡಿಯನ್ನು ಅವನ ಕೈಯಿಂದ ತೆಗೆದು ಬೋರಲು ಮಲಗಿಸಿದಳು. ಆಮೇಲೆ ಅವನ ಪಕ್ಕ ಬೆನ್ನು ತಿರುಗಿಸಿ ಕೂತಳು.

"ಎಲ್ಲಿಂದ ಎಲ್ಲೀವರೆಗೆ ಇದೆ, ಮುಟ್ಟಿ ತೋರಿಸಿ."

ಅವನು ಬೆರಳನ್ನು ಅವಳ ಕತ್ತಿನ ಕೆಳಗಿಟ್ಟು, ಈಗಷ್ಟೇ ಗೀರಿದ ಗಾಜನ್ನು ಮುಟ್ಟುವವನಂತೆ ತಾಗಿಯೂ ತಾಗದ ಹಾಗೆ ಇಳಿಸತೊಡಗಿದ. ಅವಳು ಕಚಗುಳಿಗೆ ನುಲಿದಳು.

"ಸರಿಯಾಗಿ ಮುಟ್ರೀ," ಎಂದಳು, "ನಾನೇನು ಗಾಜಲ್ಲ."