ಐಲಿಯ ಎಡಗೈ ಬಿಲ್ಲು

ಬೇಟೆ ಕ್ಲಬ್ಬಿನ ಅಧ್ಯಕ್ಷ ಆರ್ವಿಡ್ ಸಭಾಂಗಣದ ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಐಲಿಯನ್ನು ಮಣ್ಣು ಮಾಡಿ, ಸುಪೀರಿಯರ್ ಸರೋವರದ ಗಾಳಿಗೆ ನಡುಗುತ್ತ ಬಂದ ಜನ ಇನ್ನೂ ಕೋಟು ಬಿಚ್ಚಿರಲಿಲ್ಲ, ಅಷ್ಟರಲ್ಲೇ ಅವನಿಗೆ ಅವಸರ. ತೀರಿಹೋದ ಸದಸ್ಯರ ಬಿಲ್ಲುಗಳು ಆ ಗೋಡೆಯ ಉದ್ದಕ್ಕೂ ತೂಗುತ್ತಿದ್ದವು. ಒಂದಕ್ಕೂ ಹೆದೆ ಇಲ್ಲ. ಮಣ್ಣಾದ ದಿನವೇ ಹೆದೆ ಕತ್ತರಿಸಿ ಬಿಲ್ಲನ್ನು ಗೋಡೆಗೇರಿಸಬೇಕು, ಇನ್ನೊಬ್ಬರು ಅದನ್ನು ಎಳೆಯಕೂಡದು ಎಂಬುದು ಅಲ್ಲಿನ ಕಟ್ಟಳೆ. ಮೊಳೆಯ ಕೆಳಗೆ ಹಿತ್ತಾಳೆ ಫಲಕ ಆಗಲೇ ಕೂತಿತ್ತು: 'ಐಲಿ, ನಮ್ಮ ಪ್ರೀತಿಯ ಸದಸ್ಯೆ.'

ಪ್ರೀತಿಯಂತೆ ಪ್ರೀತಿ. ಐಲಿಯ ತಂಗಿ ವೆರ್ನಾಳಿಗೆ ಮೈಯೆಲ್ಲ ಉರಿದುಹೋಯಿತು. ಐಲಿ ಶಾಲೆಯ ಅಡಿಗೆಯವಳು, ಜೀವಮಾನವಿಡೀ ಊರಿನ ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ, ಹಿಸುಕಿ ಬಡಿಸಿದವಳು. ಈ ಕ್ಲಬ್ಬಿಗೂ ಶುಕ್ರವಾರ ಮೀನು ಕರಿಯಲು ಬರುತ್ತಿದ್ದಳು, ಹಿಂದಿನ ಬಾಗಿಲಿಂದ. ಬಿಲ್ಲು ಹಿಡಿದು ಜಿಂಕೆ ಹೊಡೆದು ತಂದ ಮೇಲೂ ಎಷ್ಟೋ ವರ್ಷ ಹೆಂಗಸರಿಗೆ ಸದಸ್ಯತ್ವವಿಲ್ಲ ಎಂದೇ ಹೇಳಿದರು. ಕೊನೆಗೆ ಬೇರೆ ದಾರಿ ಕಾಣದೆ ಸೇರಿಸಿಕೊಂಡರು.

ಸಭಾಂಗಣದ ತುದಿಯಲ್ಲಿ, ಗುರಿಯ ಹುಲ್ಲುಮೂಟೆಗಳ ಎದುರು, ಟೊಯ್ವೊನ ಕೆಲಸದ ಮೇಜು. ಊರಿನ ಬಿಲ್ಲುಗಳನ್ನೆಲ್ಲ ರಿಪೇರಿ ಮಾಡುವ ಮುದುಕ ಅವನು. ಎರಡು ತುದಿಗೂ ಚಕ್ರಗಳಿದ್ದ ಐಲಿಯ ಬಿಲ್ಲನ್ನು ಬಗ್ಗಿಸುವ ಯಂತ್ರಕ್ಕೆ ಸಿಕ್ಕಿಸಿ ಹೆದೆ ಸಡಿಲಿಸಿದ್ದ. ಕತ್ತರಿ ಕೈಯಲ್ಲಿತ್ತು.

"ಟೊಯ್ವೊ, ಕತ್ತರಿ ಕೆಳಗಿಡು," ಎಂದಳು ವೆರ್ನಾ. "ಆ ಬಿಲ್ಲು ನಂಗೆ ಬೇಕು."

*

ಬೇಸಿಗೆಯಲ್ಲಿ, ಕಾಯಿಲೆ ಇನ್ನೂ ಹಾಸಿಗೆ ಹಿಡಿಸುವ ಮುಂಚೆ, ಐಲಿ ತನ್ನ ಅಡಿಗೆಮನೆಯಲ್ಲಿ ತಂಗಿಯನ್ನು ನಿಲ್ಲಿಸಿಕೊಂಡಿದ್ದಳು.

"ಎರಡು ಅಂಗೈ ಸೇರಿಸಿ ನಡುವೆ ಕಿಂಡಿ ಮಾಡು. ಅದ್ರಲ್ಲಿ ಆ ಕೆಟಲ್ ನೋಡು. ಈಗ ಬಲಗಣ್ಣು ಮುಚ್ಚು. ಕೆಟಲ್ ಇದ್ಯಾ?"

"ಇದೆ."

"ಈಗ ಅದನ್ನ ತೆರೆದು ಎಡಗಣ್ಣು ಮುಚ್ಚು."

"ಹೋಯ್ತು."

ಐಲಿ ನಕ್ಕಳು. "ನಿಂದೂ ನನ್ ಥರಾನೇ. ಕೆಲಸ ಬಲಗೈದು, ಯಜಮಾನಿಕೆ ಎಡಗಣ್ಣಿಂದು. ಬಿಲ್ಲು ಹಿಡಿಯೋವಾಗ ಕಣ್ಣಿನ ಮಾತು ಕೇಳ್ಬೇಕು. ಬಲಗೈಲಿ ಹಿಡಿ, ಎಡಗೈಲಿ ಎಳಿ. ಕ್ಲಬ್ಬಲ್ಲಿ ಹಳೇ ಸಾಮಾನು ಮಾರೋ ಮೇಜಿನ ಮೇಲೆ ಈ ಎಡಗೈ ಬಿಲ್ಲು ಯಾರಿಗೂ ಬೇಡವಾಗಿ ಬಿದ್ದಿತ್ತು. ನಾನು ಎತ್ಕೊಂಡಾಗ, ಅಡಿಗೆಯವಳಿಗೆ ಎಡ ಯಾವ್ದು ಬಲ ಯಾವ್ದು ಗೊತ್ತಿಲ್ಲ ಅಂತ ಹಲ್ಲು ಕಿಸಿದ್ರು."

"ಈ ವಯಸ್ಸಲ್ಲಿ ನಂಗ್ಯಾಕಕ್ಕ ಬಿಲ್ಲು? ಮೊಮ್ಮಕ್ಕಳು ನಗ್ತವೆ."

"ನಗ್ಲಿ. ಚಳಿಗೆ ಮುಂಚೆ ಈ ಬಿಲ್ಲನ್ನ ನಿನ್ನ ಅಳತೆಗೆ ಕೂರಿಸ್ತೀನಿ. ಅಷ್ಟರಲ್ಲಿ ನಾನು ಹೋದ್ರೆ ಅದನ್ನ ಗೋಡೆಗೆ ಹಾಕೋಕೆ ಬಿಡ್ಬೇಡ. ಬದುಕಿದ್ದಾಗ ಹಿತ್ತಲ ಬಾಗಿಲು ತೋರಿಸ್ದೋರು, ಸತ್ತ ಮೇಲೆ ನಡುಮನೇಲಿ ಕೂರಿಸ್ತಾರೆ."

ವೆರ್ನಾ ಮಾತು ತೇಲಿಸಿ ಏಲಕ್ಕಿ ಬ್ರೆಡ್ಡು ಕೊಯ್ಯತೊಡಗಿದ್ದಳು. ಅಕ್ಕ ಇನ್ನೂ ಬಹಳ ದಿನ ಇರುತ್ತಾಳೆ ಎಂದೇ ಅವಳು ನಂಬಿದ್ದಳು.

*

ಆರ್ವಿಡ್ ಸುತ್ತಿಗೆ ಇಳಿಸಿದ. "ದುಃಖದಲ್ಲಿ ಏನೇನೋ ಅಂತಿದ್ದೀಯ ವೆರ್ನಾ. ಕೂತ್ಕೊ, ಕಾಫಿ ಕುಡಿ. ಸತ್ತೋರ ಬಿಲ್ಲು ಇನ್ನೊಬ್ರು ಎಳೀಬಾರ್ದು, ನಿಂಗೂ ಗೊತ್ತು."

"ಅಕ್ಕ ಕೊಳ್ಳೋವಾಗ್ಲೇ ಅದು ಸತ್ತೋರ ಬಿಲ್ಲು. ನಿನ್ನ ತಮ್ಮನ್ದು. ಅವ್ನು ತೀರ್ಕೊಂಡ ಮೇಲೆ ಹಳೇ ಸಾಮಾನಿನ ಮೇಜಿಗೆ ತಂದಿಟ್ಟೋನು ನೀನೇ."

ಕಾಫಿ ಕುಡಿಯುತ್ತಿದ್ದವರು ಇತ್ತ ತಿರುಗಿದರು.

"ಅವ್ನು ಸದಸ್ಯ ಆಗಿರ್ಲಿಲ್ಲ," ಎಂದ ಆರ್ವಿಡ್.

"ಆಗ ಅಕ್ಕನೂ ಆಗಿರ್ಲಿಲ್ಲ. ನೀವು ಬಿಟ್ಟಿರ್ಲಿಲ್ಲ. ಆದ್ರೂ ಎಳೆದ್ಲು."

ಆರ್ವಿಡ್‌ನ ಕಿವಿ ಕೆಂಪಾದವು. "ಸರಿ, ನೀನೂ ಎಳಿ. ಎಲ್ಲರ ಮುಂದೆ ಪೂರ್ತಿ ಎಳೆದು ಬಾಣ ಬಿಟ್ರೆ ತಗೊಂಡು ಹೋಗು. ಆಗ್ದಿದ್ರೆ ಅದು ಗೋಡೆಗೆ."

ಟೊಯ್ವೊ ಕತ್ತರಿಯನ್ನು ಜೇಬಿಗಿಳಿಸಿದ. "ಮೊದ್ಲು ಇವಳಿಗೆ ಹೊಂದಿಸ್ತೀನಿ. ಬೇರೆಯೋರ ಬೂಟು ಕೊಟ್ಟು ಓಡು ಅಂದ್ರೆ ಹೇಗೆ?"

ವೆರ್ನಾಳನ್ನು ಗೋಡೆಗೊರಗಿಸಿ ಎರಡೂ ಕೈ ಚಾಚಿಸಿ ಅಳತೆ ತೆಗೆದ. "ಐಲಿಗಿಂತ ಗಿಡ್ಡ ನೀನು," ಎಂದು ಗೊಣಗುತ್ತ ಚಕ್ರದ ಸ್ಕ್ರೂ ಬಿಚ್ಚಿ, ಅದಕ್ಕೆ ಅಂಟಿದ್ದ ತುಂಡನ್ನು ಸರಿಸಿ ಎಳೆತದ ಉದ್ದ ಕಡಿಮೆ ಮಾಡಿದ. ಹೆದೆಯ ನಡುವೆ ಕಣ್ಣಿಟ್ಟು ನೋಡುವ ಪುಟ್ಟ ಉಂಗುರವನ್ನು ಕೆಳಗಿಳಿಸಿದ. ಬಿಲ್ಲನ್ನು ಯಂತ್ರದಿಂದ ಬಿಡಿಸಿ, ಎಳೆತದ ಬಿಗಿ ಇಳಿಯಲೆಂದು ಮೇಲಿನ ಬೋಲ್ಟು ಎಷ್ಟೋ ಕೆಳಗಿನದನ್ನೂ ಅಷ್ಟೇ ಸಡಿಲಿಸಿದ. ಹೆದೆ ಹಿಡಿಯುವ ಕೊಂಡಿಯನ್ನು ಅವಳ ಎಡ ಮಣಿಕಟ್ಟಿಗೆ ಬಿಗಿದ.

"ಕೋಟು ತೆಗಿ. ತೋಳು ಹೆದೆಗೆ ಸಿಕ್ಕತ್ತೆ."

ವೆರ್ನಾ ಸಾವಿನ ಮನೆಯ ಕರಿ ಕೋಟು ಬಿಚ್ಚಿದಳು. ಎಲ್ಲಿಡುವುದೆಂದು ಸುತ್ತ ನೋಡಿ, ಆರ್ವಿಡ್ ಹೊಡೆದಿದ್ದ ಹೊಸ ಮೊಳೆಗೆ ನೇತುಹಾಕಿದಳು.

ಟೊಯ್ವೊ ಬಿಲ್ಲು ಕೊಟ್ಟು ಬಾಣ ಹೂಡಿಸಿದ. ಮೊದಲ ಸಲ ಹೆದೆ ಅರ್ಧಕ್ಕೆ ಬಂದು ನಿಂತಿತು. ಹಿಂದೆ ಯಾರೋ ನಗು ನುಂಗಿಕೊಂಡು ಕೆಮ್ಮಿದರು.

"ಸಾಕು ಬಿಡು, ಭುಜ ಉಳುಕಿಸ್ಕೊಂಡೀಯ," ಎಂದ ಆರ್ವಿಡ್. ದನಿಯಲ್ಲಿ ಮರುಕವಿತ್ತು. ಅದೇ ಅವಳಿಗೆ ಸಹಿಸಲಾಗಲಿಲ್ಲ.

ಟೊಯ್ವೊ ಬಿಲ್ಲು ತೆಗೆದುಕೊಂಡು ಬೋಲ್ಟುಗಳನ್ನು ಇನ್ನಷ್ಟು ತಿರುಗಿಸಿದ. "ಮೊದಲ ದಿನ ಐಲಿಗೂ ಹೀಗೇ ಎರಡನೇ ಸಲ ಸಡಿಲ ಮಾಡಿದ್ದೆ. ಯಾರಿಗೂ ಹೇಳ್ಬೇಡ ಅಂದಿದ್ಲು." ಎಲ್ಲರಿಗೂ ಕೇಳುವಂತೆಯೇ ಹೇಳಿದ. "ತೋಳಿಂದಲ್ಲ, ಬೆನ್ನಿಂದ ಎಳಿ. ಎಳೆದ ಮೇಲೆ ಭಾರ ತಾನೇ ಇಳಿಯತ್ತೆ."

ವೆರ್ನಾ ಹಲ್ಲು ಕಚ್ಚಿ ಎಳೆದಳು. ಎಲ್ಲೋ ಒಂದು ಕಡೆ ಚಕ್ರಗಳು ಹೊರಳಿದವು, ಭಾರ ಇಳಿದುಹೋಯಿತು, ಹೆದೆ ತುಟಿಯಂಚಿಗೆ ಬಂದು ಕೂತಿತು. ಉಂಗುರದೊಳಗೆ ಹುಲ್ಲುಮೂಟೆ ಕಂಡಿತು, ಅಂದು ಕೆಟಲ್ ಕಂಡ ಹಾಗೇ. ಅಕ್ಕನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು. ಕೊಂಡಿ ಒತ್ತಿದಳು.

ಬಾಣ ಗುರಿಯ ನಡುವನ್ನು ಬಿಟ್ಟು ಮೂಟೆಯ ಮೂಲೆಗೆ ನಾಟಿತು. ಆದರೆ ನಾಟಿತು.

ಆರ್ವಿಡ್ ಗೋಡೆಯತ್ತ ನಡೆದ. "ಸರಿ, ತಗೊಂಡು ಹೋಗು. ನಿನ್ನ ಕೋಟು ಕೊಡ್ಲಾ?"

"ಅಲ್ಲೇ ಇರ್ಲಿ," ಎಂದಳು ವೆರ್ನಾ, ತಿರುಗಿ ನೋಡದೆ. "ಟೊಯ್ವೊ, ಇನ್ನೊಂದು ಬಾಣ."

ಹೆದೆ ಕಳೆದುಕೊಂಡ ಬಿಲ್ಲುಗಳ ಸಾಲಿನ ಕೊನೆಯಲ್ಲಿ ಕರಿ ಕೋಟು ಹಿತ್ತಾಳೆ ಫಲಕವನ್ನು ಪೂರ್ತಿ ಮುಚ್ಚಿಕೊಂಡು ತೂಗುತ್ತಿತ್ತು.