ಪೂರ್ವದ್ವಾರದ ಆರ್ಲಿಸ್

ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಆರ್ಲಿಸ್ ಟ್ವೈಟ್‌ಗೆ ಯಾರ ಪರಿಚಯವೂ ಇರುತ್ತಿರಲಿಲ್ಲ. ಮಿಸ್ಸೂರಿ ನದಿಯ ಪಶ್ಚಿಮದ ಬಯಲಿನಲ್ಲಿ ಮೂರು ಸಾವಿರ ಜನರಿರುವ ನಮ್ಮ ವಿಲೋಬೆಂಡ್ ಕೌಂಟಿಯಲ್ಲಿ ಯಾರ ಮೊಣಕಾಲಿಗೆ ನೋವು, ಯಾರ ಹಸು ಯಾವಾಗ ಈದಿತು ಎಂಬುದನ್ನೆಲ್ಲ ಬಲ್ಲ ಆ ಕೃಶಾಂಗಿ, ನ್ಯಾಯಾಲಯದ ಪೂರ್ವದ್ವಾರದಲ್ಲಿ ನಿಂತ ಮರುಕ್ಷಣ ಸರ್ವರಿಗೂ ಅಪರಿಚಿತೆಯಾಗಿಬಿಡುತ್ತಿದ್ದಳು. ಚರ್ಚಿನಲ್ಲಿ ಜೊತೆಗೆ ಹಾಡುವ ಗೆಳತಿ ಬಂದರೂ ಅದೇ ಪ್ರಶ್ನೆ: “ಆಯುಧ ಏನಾದ್ರೂ ಇದೆಯಾ?”

“ನಾಲಿಗೆ ಒಂದೇ ಕಣೇ!”

“ಅದನ್ನ ಒಳಗೆ ಬಿಡ್ತೀವಿ. ಬನ್ನಿ.”

ಎಂದೋ ಕುದುರೆಯಿಂದ ಬಿದ್ದು ಸೊಂಟ ಮುರಿದಿದ್ದರಿಂದ ಅವಳ ನಡಿಗೆ ಎಡಕ್ಕೆ ವಾಲುತ್ತಿತ್ತು. ಗಾಳಿಯಿಲ್ಲದ ದಿನವೂ ಗಾಳಿಗೆದುರಾಗಿ ನಡೆಯುವವಳಂತೆ ಕಾಣುತ್ತಿದ್ದಳು. ತೀರಿಹೋದ ಗಂಡನ ಕಂದು ಕ್ಯಾನ್ವಾಸ್ ಕೋಟನ್ನು, ತೋಳುಗಳನ್ನು ಎರಡೆರಡು ಮಡಿಕೆ ಮಡಚಿ, ಜುಲೈ ತಿಂಗಳ ಧಗೆಯಲ್ಲೂ ತೊಡುತ್ತಿದ್ದಳು. ಯಾರ ವಾದ ಎಷ್ಟೇ ಉದ್ದವಾಗಲಿ, ಅವಳು “ಅದಿರ್ಲಿ” ಎಂದರೆ ಅದು ಅಲ್ಲಿಗೆ ಮುಗಿದಂತೆ.

ಪರವಾನಗಿ ಉಳ್ಳವರು ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡು ಸರ್ಕಾರಿ ಕಟ್ಟಡಗಳಿಗೆ ಹೋಗಬಹುದು; ಅದು ಬೇಡವೆನ್ನುವ ಕೌಂಟಿ ತಾನು ತೆರೆದಿಡುವ ಪ್ರತಿ ಬಾಗಿಲಿಗೂ ಒಂದು ಆಯುಧ ಪತ್ತೆಯಂತ್ರ, ಒಬ್ಬ ಕಾವಲುಗಾರ ಇಡತಕ್ಕದ್ದು ಎಂಬ ಕಾನೂನು ಬಂದ ವರ್ಷ, ನಮ್ಮ ಕೌಂಟಿಯ ಹಿರಿಯರು ಕೈಚೆಲ್ಲಿ ಕೂತಿದ್ದರು. ನ್ಯಾಯಾಲಯಕ್ಕೆ ನಾಲ್ಕು ಬಾಗಿಲು, ನಾಲ್ಕಕ್ಕೂ ಖರ್ಚು ಮಾಡುವಷ್ಟು ಹಣವಿಲ್ಲ. ‘ಬಂದೂಕು ನಿಷೇಧ’ದ ಫಲಕವನ್ನು ಕಿತ್ತುಹಾಕುವುದೆಂದು ಇನ್ನೇನು ತೀರ್ಮಾನವಾಗಬೇಕು, ಅಷ್ಟರಲ್ಲಿ ಸಭೆಯ ಹಿಂದಿನ ಸಾಲಿನಿಂದ ಆರ್ಲಿಸ್ ಎದ್ದಳು. ಮೂವತ್ತು ವರ್ಷ ಅದೇ ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡಿ ಆಗಷ್ಟೇ ನಿವೃತ್ತಳಾಗಿದ್ದಳು.

“ಮೂರು ಬಾಗಿಲಿಗೆ ಬೀಗ ಹಾಕಿ. ನಾಲ್ಕನೇದಕ್ಕೆ ನಾನು ನಿಲ್ತೀನಿ.”

ಸಭೆಯ ಮುಖ್ಯಸ್ಥ ವೆಂಡೆಲ್ ರಾಸ್ಕ್ ನಕ್ಕ. “ಆರ್ಲಿಸ್, ನಿನ್ನ ಪಿಕಪ್‌ನಲ್ಲೇ ಎರಡು ಬಂದೂಕಿವೆ!”

“ಇವೆ. ಪಿಕಪ್ ಹೊರಗೆ ನಿಂತಿದೆ.” ಆಮೇಲೆ ಹೇಳಿದಳು: “ಆ ವಿಚಾರಣೆ ಕೋಣೇಲಿ ಜನ ಏನೇನಂತಾರೆ ಅನ್ನೋದನ್ನ ಈ ಕೈಯಿಂದ ಟೈಪ್ ಮಾಡಿದೀನಿ. ಸಿಟ್ಟು ನೆತ್ತಿಗೇರಿದ್ರೆ ಕೈಗೆ ಸಿಕ್ಕಿದ್ದನ್ನ ಎಸೀತಾರೆ. ಒಬ್ಬ ತನ್ನ ಹಲ್ಲಿನ ಸೆಟ್ಟೇ ಎಸೆದ. ಸದ್ಯ, ಅವನ ಹತ್ರ ಇದ್ದದ್ದು ಅದೊಂದೇ.”

ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಷರೀಫರ ಬಳಿ ತರಬೇತಿ ಮುಗಿಸಿ, ಅರವತ್ತೊಂದನೆಯ ವಯಸ್ಸಿನಲ್ಲಿ ಅವಳು ಪೂರ್ವದ್ವಾರದಲ್ಲಿ ನಿಂತಳು.

ಎರಡು ವರ್ಷ ಸುಗಮವಾಗಿ ನಡೆಯಿತು. ಆಮೇಲೊಂದು ಅಕ್ಟೋಬರಿನ ಬೆಳಗ್ಗೆ ಅವಳ ತಮ್ಮ ಎಲ್ಡನ್ ಬಂದ. ಅಪ್ಪನ ಹುಲ್ಲುಗಾವಲಿನ ಅಂಚಿನ ಒರತೆ ತಮಗೆ ಸೇರಿದ್ದೋ, ಪಕ್ಕದ ಹೌಗೆನ್‌ಗೆ ಸೇರಿದ್ದೋ ಎಂಬ ವ್ಯಾಜ್ಯ ಒಂಬತ್ತೂವರೆಗೆ ವಿಚಾರಣೆಗೆ ಬರಲಿತ್ತು. ಮೂರು ಸಲ ಹೆಸರು ಕೂಗುವಷ್ಟರಲ್ಲಿ ಹಾಜರಾಗದವನು ಸೋತಂತೆ. ಅಕ್ಕತಮ್ಮ ಇಬ್ಬರೂ ಬೊಗಸೆಯೊಡ್ಡಿ ನೀರು ಕುಡಿದು ಬೆಳೆದ ಒರತೆ ಅದು. ಎಲ್ಡನ್‌ನ ಅಂಗಿಯಡಿ ಪಿಸ್ತೂಲಿತ್ತು.

“ಪಿಕಪ್‌ನಲ್ಲಿಟ್ಟು ಬನ್ನಿ,” ಅಂದಳು ಆರ್ಲಿಸ್.

“ನಲವತ್ತು ವರ್ಷದಿಂದ ಸೊಂಟದಲ್ಲಿದೆ. ಪರವಾನಗಿ ಇದೆ. ಏನೇ ಅಕ್ಕಾ, ನಾನೇನು ಕಳ್ಳನಾ?”

“ಅಲ್ಲ. ಇಟ್ಟು ಬನ್ನಿ.”

“ಬನ್ನಿ ಅಂತೆ, ಬನ್ನಿ! ನಿನ್ನ ಬೆನ್ನ ಮೇಲೆ ಕೂತು ಬೆಳೆದೋನು ಕಣೇ ನಾನು!”

“ಅದಿರ್ಲಿ. ಎಂಟು ನಿಮಿಷ ಇದೆ.”

ಅವನ ಪಕ್ಕದಲ್ಲೇ ಹೌಗೆನ್ ಜೇಬು ಬರಿದುಮಾಡಿ ತೋರಿಸಿ, ತಲೆ ತಗ್ಗಿಸಿ ಒಳಗೆ ಹೋದ. ಎಲ್ಡನ್ ಕದಲಲಿಲ್ಲ, ಹಕ್ಕು ಹಕ್ಕೇ ಎಂದು ಹಟ ಹಿಡಿದು ನಿಂತ. ಮಹಡಿಯಿಂದ ಅವನ ಹೆಸರು ಒಮ್ಮೆ ಕೇಳಿಸಿತು, ಮತ್ತೊಮ್ಮೆ ಕೇಳಿಸಿತು. ಆಗ ಆರ್ಲಿಸ್‌ಳ ದನಿ ಒಡೆಯಿತು. “ಎಲ್ಡನ್, ಇಟ್ಟು ಬಾರೋ. ಕೈ ಮುಗೀತೀನಿ.” ಕೈ ಮುಗಿದಳು, ನಿಜ, ಪಕ್ಕಕ್ಕೆ ಮಾತ್ರ ಸರಿಯಲಿಲ್ಲ. ಮೂರನೆಯ ಕೂಗು ಮುಗಿಯುವಷ್ಟರಲ್ಲಿ ಅವನು ಬೆನ್ನು ತಿರುಗಿಸಿ ಮೆಟ್ಟಿಲಿಳಿದಿದ್ದ. ಒರತೆ ಹೋಯಿತು.

ಅಂದು ಸಂಜೆ ಕಾಫಿ ಅಂಗಡಿಯಲ್ಲಿ ವೆಂಡೆಲ್ ಅವಳೆದುರು ಬಂದು ಕೂತ. “ಒಂದೇ ಒಂದು ಸಲ ಕಣ್ಣು ಮುಚ್ಚಿಕೊಂಡಿದ್ರೆ ಏನಾಗ್ತಿತ್ತು? ಎಲ್ಡನ್ ಯಾರಿಗೆ ಗುಂಡು ಹೊಡೀತಿದ್ದ?”

“ಯಾರಿಗೂ ಇಲ್ಲ. ಆದ್ರೆ ನಾಳೆ ಬರೋನನ್ನ ಯಾವ ಮುಖ ಇಟ್ಕೊಂಡು ತಡೀಲಿ?” ಎಂದವಳ ಕಾಫಿ ಮುಟ್ಟದೆಯೇ ತಣ್ಣಗಾಯಿತು.

ಅಲ್ಲಿಂದಾಚೆ ಪ್ರತಿ ಭಾನುವಾರ ಚರ್ಚು ಮುಗಿಸಿ, ಸೇಬಿನ ಪೈ ಹಿಡಿದು, ಹನ್ನೊಂದು ಮೈಲಿ ದೂರದ ತಮ್ಮನ ಮನೆಗೆ ಹೋಗಿ ಜಗುಲಿಯಲ್ಲಿ ಒಂದು ಗಂಟೆ ಕೂರುತ್ತಿದ್ದಳು. ಬಾಗಿಲು ತೆರೆಯುತ್ತಿರಲಿಲ್ಲ. ಪೈ ನಾಯಿಯ ಪಾಲಾಗುತ್ತಿತ್ತು. ಏಳನೆಯ ಭಾನುವಾರ ಹಿಮ ಬೀಳತೊಡಗಿದಾಗ ಒಳಗಿನಿಂದ ಗದರಿಕೆ ಕೇಳಿಸಿತು: “ಬಾಗಿಲು ಕಾಯೋದು ಬಿಟ್ರೆ ಬೇರೆ ಕೆಲಸಾನೇ ಗೊತ್ತಿಲ್ವಾ ನಿಂಗೆ? ಒಳಗೆ ಬಾ, ನಾಯಿಗೆ ಬೊಜ್ಜು ಬರ್ತಿದೆ.” ಒರತೆಯ ಮಾತನ್ನು ಅಂದು ಇಬ್ಬರೂ ಎತ್ತಲಿಲ್ಲ. ಹೌಗೆನ್ ಅದಕ್ಕೆ ಬೇಲಿ ಹಾಕಿ ಆಗಿತ್ತು. ಆ ಬೇಲಿ ಈಗಲೂ ಇದೆ.

ಇಂಥವರನ್ನು ನಾವು ಕಲ್ಲೆದೆಯವರೆಂದು ಸುಲಭವಾಗಿ ಕರೆದುಬಿಡುತ್ತೇವೆ. ನಿಯಮವನ್ನು ಅನ್ಯರ ಮೇಲೆ ಹೇರಿ ತಾವು ನುಣುಚಿಕೊಳ್ಳುವವರ ನಡುವೆ, ಅದರ ಪ್ರಥಮ ಪೆಟ್ಟನ್ನು ತಮ್ಮ ಮನೆಯ ಮೇಲೆಯೇ ಬೀಳಗೊಟ್ಟು, ಮರುದಿನ ಎಂಟಕ್ಕೆ ಮತ್ತೆ ಬಂದು ನಿಲ್ಲುವವರು ವಿರಳ. ಅವರ ಉಪಕಾರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಡೆಯದೆ ಹೋದದ್ದನ್ನು ನೆನೆಯುವುದಾದರೂ ಹೇಗೆ? ವಿಲೋಬೆಂಡ್‌ನ ಜನ ಇಂದಿಗೂ ಆ ವಿಚಾರಣೆಯ ಕೋಣೆಯಲ್ಲಿ ಮೇಜು ಗುದ್ದಿ, ಗಂಟಲು ಹರಿಯುವಂತೆ ಪರಸ್ಪರ ಶಪಿಸಿ, ಆಮೇಲೆ ತಂತಮ್ಮ ಕಾಲಲ್ಲೇ ನಡೆದು ಮನೆಗೆ ಹೋಗುತ್ತಾರೆ.