‘ಟಿನ್ ವಿಂಟರ್’ ಒಳ್ಳೆಯದಾದ ಮೇಲೆ

ಹೊಳೆನರಸೀಪುರದಿಂದ ಗಿರಿಧರ ಫೋನ್ ಮಾಡಿ, “ಭಾನುವಾರ ಬಾರೋ ಮಂಜ, ‘ಟಿನ್ ವಿಂಟರ್’ ಹಾಕ್ತಾ ಇದೀವಿ. ಹೊಸದಾಗಿ ಕೂತು ಕೇಳೋಣ ಅಂತ. ಭಾಳ ಒಳ್ಳೇ ಆಲ್ಬಮ್ ಕಣೋ ಅದು” ಅಂದಾಗ ಮಂಜೇಶ್ “ಯಾವುದು?” ಅಂತ ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡ. ಹದಿಮೂರು ವರ್ಷದ ಹಿಂದೆ ಇದೇ ಗಿರಿಧರ ಅದನ್ನು ಕಸ ಅಂದಿದ್ದ. ಬರೀ ಆಲ್ಬಮ್ಮನ್ನಲ್ಲ, ಅದು ಚೆನ್ನಾಗಿದೆ ಅಂದವನನ್ನೂ ಹೆಚ್ಚುಕಮ್ಮಿ ಹಾಗೇ ಅಂದಿದ್ದ.

ಪೇಪರ್ ಆರ್ಚರ್ಡ್ ಅನ್ನುವುದು ಇಂಗ್ಲೆಂಡಿನ ಒಂದು ಪ್ರೋಗ್ರೆಸಿವ್ ರಾಕ್ ತಂಡ. ಎಪ್ಪತ್ತರ ದಶಕದಲ್ಲಿ ಒಂದೊಂದು ಹಾಡನ್ನೂ ಇಪ್ಪತ್ತು ನಿಮಿಷ ಎಳೆಯುತ್ತಿದ್ದರು. ಐದು, ಏಳು, ಹನ್ನೊಂದು ಅಂತ ತಲೆ ಕೆಡಿಸುವ ತಾಳಗಳು ಬೇರೆ. ಎಂಬತ್ಮೂರರಲ್ಲಿ ಅವರಿಗೆ ಏನಾಯಿತೋ, ಉದ್ದ ಕೂದಲು ಕತ್ತರಿಸಿಕೊಂಡು, ಎಲೆಕ್ಟ್ರಾನಿಕ್ ಡ್ರಮ್ಮು ಇಟ್ಟುಕೊಂಡು, ನಾಲ್ಕು ನಾಲ್ಕು ನಿಮಿಷದ ಹಾಡುಗಳ ‘ಟಿನ್ ವಿಂಟರ್’ ತಂದರು. ಪ್ರಪಂಚದ ಅಭಿಮಾನಿಗಳೆಲ್ಲ ಎರಡು ಪಾಲಾದರು. ಹಾಸನ ಜಿಲ್ಲೆಯ ಅಭಿಮಾನಿಗಳು ಒಟ್ಟು ಮೂವರು. ಅವರೂ ಹತ್ತು ವರ್ಷ ತಡವಾಗಿ ಎರಡು ಪಾಲಾದರು. ಗಿರಿಧರ, ಜಯಂತ್ ಒಂದು ಕಡೆ. ಮಂಜೇಶ್ ಒಬ್ಬನೇ ಇನ್ನೊಂದು ಕಡೆ.

ಆಗ ಮೂವರೂ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದರು. ಗಿರಿಧರ ಅರ್ಚಕರ ಮನೆಯವನು, ಚಿಕ್ಕಂದಿನಲ್ಲೇ ಮೃದಂಗ ಕಲಿತವನು. ಜಯಂತನ ತಾಯಿ ಸಂಗೀತ ಪಾಠ ಹೇಳುತ್ತಿದ್ದರು. ಮಂಜೇಶ್ ಅರಕಲಗೂಡು ಕಡೆಯ ಮಲ್ಲಿಪಟ್ಟಣದ ರೈತರ ಮಗ. ಹಾಸ್ಟೆಲ್ಲಿನಲ್ಲಿ ಪಕ್ಕದ ರೂಮಿನ ಜಯಂತ್ ಹಾಕುತ್ತಿದ್ದ ಕ್ಯಾಸೆಟ್ಟು ಕೇಳಿ ಕೇಳಿ ಹುಚ್ಚು ಹಿಡಿಸಿಕೊಂಡವನು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ ಗಿರಿಧರನ ಮನೆಯ ಮಹಡಿಯಲ್ಲಿ ಕೂರುತ್ತಿದ್ದರು. ಅವರಿಬ್ಬರಿಗೆ ಕೇಳುವುದೆಂದರೆ ತೊಡೆಯ ಮೇಲೆ ತಾಳ ಹಾಕುವುದು. “ಇದು ಮಿಶ್ರಚಾಪು, ಏಳು. ಈಗ ಖಂಡಕ್ಕೆ ಬಂದ, ಐದು. ಆಹಾ, ಸಮಕ್ಕೆ ಬಂದು ಕೂತ ನೋಡು!” ತಾಳ ಒಂದು ಸುತ್ತು ಮುಗಿಸಿ ಮೊದಲ ಪೆಟ್ಟಿಗೆ, ಅಂದರೆ ಸಮಕ್ಕೆ, ಸರಿಯಾಗಿ ಬಂದು ಬಿದ್ದರೆ ಲಂಡನ್ನಿನವರಿಗೆ ಈ ಮಹಡಿಯಿಂದ ಒಂದು ಭೇಷ್ ಸಲ್ಲುತ್ತಿತ್ತು. ಮಂಜೇಶನಿಗೆ ಏನು ಮಾಡಿದರೂ ಆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಅವರ ಕೈ ನೋಡಿಕೊಂಡು ತಾನೂ ತೊಡೆ ಬಡಿಯುತ್ತಿದ್ದ. ಅರ್ಧ ಹಾಡು ಆ ಪರದಾಟದಲ್ಲೇ ಹೋಗುತ್ತಿತ್ತು.

‘ಟಿನ್ ವಿಂಟರ್’ ಹಾಕಿದ ದಿನ ಎಣಿಸುವುದಕ್ಕೆ ಏನೂ ಇರಲಿಲ್ಲ. ನೇರವಾಗಿ ನಾಲ್ಕು. ಗಿರಿಧರ, ಜಯಂತ್ ಇಬ್ಬರೂ ಮೂಗು ಮುರಿದರು. ಮಂಜೇಶ್ ಮಾತ್ರ ಮೊದಲ ಸಲ ತನ್ನ ಕೈಯನ್ನು ಮರೆತು ಹಾಡು ಕೇಳಿದ. ಮೂರನೆಯ ಹಾಡಿನಲ್ಲಿ ಒಬ್ಬ ತೀರಿಹೋದ ತನ್ನ ತಮ್ಮನನ್ನು ಊಟಕ್ಕೆ ಕರೆಯುತ್ತಾನೆ. ಹೊತ್ತಾಯಿತು ಬಾ, ತಟ್ಟೆ ಹಾಕಿದೆ ಬಾ. ಅಷ್ಟೇ, ಬೇರೇನೂ ಇಲ್ಲ. ಮಂಜೇಶನ ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಆದರೂ ಯಾರೂ ಉಣ್ಣದ ಆ ತಟ್ಟೆ ಅವನ ಕಣ್ಣೆದುರಿಗೇ ಬಂದು ನಿಂತಿತು. ಹಾಡು ಮುಗಿದದ್ದೇ ತಡ, “ಎಲ್ಲಾದ್ಕಿಂತ ಇದೇ ಚೆನ್ನಾಗೈತೆ ಕಣ್ಲಾ!” ಅಂದುಬಿಟ್ಟ. ಅಲ್ಲಿ ಎಂದೂ ಬಾಯಿಗೆ ಬಾರದಂತೆ ಕಾಯ್ದುಕೊಂಡಿದ್ದ ಊರಿನ ಮಾತು ಅದು.

“ಮದುವೆ ಮೆರವಣಿಗೆ ಬ್ಯಾಂಡ್ ಕೇಳ್ಕೊಂಡು ಬೆಳೆದೋರಿಗೆ ಇದೇ ಚೆನ್ನಾಗಿರುತ್ತೆ ಬಿಡು” ಅಂದ ಗಿರಿಧರ. ಜಯಂತ್ ಬಿದ್ದು ಬಿದ್ದು ನಕ್ಕ.

ಅಲ್ಲಿಂದ ಕಾಲೇಜು ಮುಗಿಯುವವರೆಗೂ ಎಲ್ಲೇ ಒಂದು ಕೆಟ್ಟ ಹಾಡು ಕೇಳಿಸಲಿ, ಇಬ್ಬರೂ ಒಟ್ಟಿಗೆ “ಚೆನ್ನಾಗೈತೆ ಕಣ್ಲಾ” ಅನ್ನುತ್ತಿದ್ದರು. ಭಾನುವಾರದ ಕರೆಯೂ ಮೆಲ್ಲಗೆ ನಿಂತುಹೋಯಿತು. ಆ ಕ್ಯಾಸೆಟ್ಟನ್ನು ಮಾತ್ರ “ನಿನಗೇ ಇರಲಿ” ಅಂತ ಅವನ ಕೈಗೆ ತುರುಕಿದ್ದರು. ಮಂಜೇಶನಿಗೆ ಆದ ಅವಮಾನ ದೊಡ್ಡದೇನಲ್ಲ ಅನ್ನುವವರು ಅನ್ನಲಿ, ಅವನ ಹೊಟ್ಟೆಯಲ್ಲಿ ಅದು ಆರಲೇ ಇಲ್ಲ.

ಈಗ ಅವನು ಚನ್ನರಾಯಪಟ್ಟಣದಲ್ಲಿ ಜೂನಿಯರ್ ಇಂಜಿನಿಯರ್. ಹೆಂಡತಿ ವರ್ಷಾ ದಂಡಿಗನಹಳ್ಳಿಯ ಶಾಲೆಯಲ್ಲಿ ಟೀಚರು. ಮದುವೆಯಾದ ಹೊಸತರಲ್ಲೇ ಆ ಹಾಡನ್ನು ಕೇಳಿಸಿ, ಅರ್ಥ ಹೇಳಿ, ತನ್ನ ಕತೆಯನ್ನೂ ಹೇಳಿಕೊಂಡಿದ್ದ. ಆಮೇಲೆ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. ಫೋನಿನ ವಿಷಯ ಕೇಳಿ ಅವಳಿಗೆ ಅವನಿಗಿಂತ ಹೆಚ್ಚು ಹುರುಪು ಬಂತು.

“ಓಗ್ಬನ್ನಿ ನೀವು. ಆವತ್ತು ನೀನ್ ಏಳಿದ್ದೇ ಸರಿ ಕಣಪ್ಪಾ ಅಂತ ಅವ್ರ ಬಾಯಲ್ಲೇ ಅನ್ನಿಸ್ಕೊಂಡು ಬರ್ಬೇಕು.”

ಅವನಿಗೆ ಬೇಕಾಗಿದ್ದೂ ಅಷ್ಟೇ. ಆ ಒಂದು ಮಾತು.

ಅದೇ ಮಹಡಿ. ಗಿರಿಧರ ಈಗ ಹಾಸನದಲ್ಲಿ ಲೆಕ್ಚರರ್, ಹೊಟ್ಟೆ ಬಂದಿದೆ. ಜಯಂತನ ತಲೆ ಬೋಳಾಗಿದೆ. ಆಳೆತ್ತರದ ಸ್ಪೀಕರುಗಳು ಬಂದಿವೆ, ದನಿಯನ್ನು ಮತ್ತೆ ಶುದ್ಧ ಮಾಡಿ ಹೊರತಂದ ಹೊಸ ಸೀಡಿ ಬಂದಿದೆ. ಇಂಟರ್ನೆಟ್ಟಿನಲ್ಲಿ ದೊಡ್ಡ ದೊಡ್ಡವರೆಲ್ಲ ‘ಟಿನ್ ವಿಂಟರ್’ ಬಗ್ಗೆ ಮನಸ್ಸು ಬದಲಾಯಿಸಿದ್ದಾರಂತೆ. ಅವರ ಹಿಂದೆಯೇ ಹೊಳೆನರಸೀಪುರವೂ ಬದಲಾಯಿಸಿತ್ತು.

“ಆಗ ನಮ್ಮ ಹತ್ರ ಇದ್ದ ಕ್ಯಾಸೆಟ್ಟೇ ಸರಿ ಇರ್ಲಿಲ್ಲ ಕಣೋ, ಮೋಸ ಹೋದ್ವಿ” ಅಂದ ಗಿರಿಧರ.

“ನಾನೂ ಅದೇ ಕ್ಯಾಸೆಟ್ ತಾನೆ ಕೇಳಿದ್ದು?” ಮಂಜೇಶ್ ನಗುತ್ತಲೇ ಕೇಳಿದ. “ಆವತ್ತೇ ಹೇಳಿದ್ನಲ್ಲ ನಾನು.”

“ಹೇಳಿದ್ದೆ, ಇಲ್ಲ ಅಂದೋರ್ ಯಾರು” ಅಂದ ಗಿರಿಧರ. “ಆದ್ರೆ ನಿನಗೆ ಇಷ್ಟ ಆಗಿದ್ದು ಬೇರೆ ಕಾರಣಕ್ಕೆ. ಮೂರನೇ ಹಾಡಲ್ಲಿ ಏನಿದೆ ಹೇಳು ನೋಡೋಣ?”

“ತಮ್ಮನ್ನ ಊಟಕ್ಕೆ ಕರೀತಾನೆ.”

ಇಬ್ಬರೂ ನಕ್ಕರು. ಕುಹಕವೇನೂ ಇರಲಿಲ್ಲ, ಮಗುವಿನ ಮಾತಿಗೆ ನಗುವ ಹಾಗೆ ಪ್ರೀತಿಯಿಂದಲೇ ನಕ್ಕರು. ಅದೇ ಅವನಿಗೆ ಚುಚ್ಚಿತು.

“ಅದು ಬರೀ ಮಾತು. ಕೆಳಗೆ ಕೇಳು. ಡ್ರಮ್ಮು ನಾಲ್ಕು, ಸರಿ. ಬೇಸ್ ಗಿಟಾರು? ಏಳು ಕಣೋ! ಮಿಶ್ರಚಾಪು! ಒಳಗೆ ಬಚ್ಚಿಟ್ಟಿದಾರೆ ಕಳ್ಳರು.” ಗಿರಿಧರ ಹಾಡು ಹಾಕಿ, ತೊಡೆ ತಟ್ಟುತ್ತ, “ತಕಿಟ ತಕಧಿಮಿ, ತಕಿಟ ತಕಧಿಮಿ” ಅಂದ. ಅಂತೂ ಏಳು ಸಿಕ್ಕಿದ್ದಕ್ಕೆ ಆ ಹಾಡಿಗೆ ಈ ಮನೆಯಲ್ಲಿ ಕ್ಷಮೆ ಸಿಕ್ಕಿತ್ತು.

“ನಿಜ ಹೇಳು, ಆಗ ನಿನಗೆ ಈ ಏಳು ಕೇಳಿಸಿತ್ತಾ?”

“ಇಲ್ಲ.”

“ಮತ್ತೆ? ಹಾಗಾದ್ರೆ ನೀನು ಕೇಳಿದ್ದು ಈ ಹಾಡೇ ಅಲ್ಲ.”

ಬಸ್ಸಿನಲ್ಲಿ ಬರುತ್ತ ಏನೇನು ಹೇಳಬೇಕೆಂದು ಮಂಜೇಶ್ ಕಲಿತುಕೊಂಡು ಬಂದಿದ್ದ. ನೀವು ಎಣಿಸ್ತಾ ಕೂತಿದ್ರಿ, ಕೇಳಿದೋನು ನಾನೊಬ್ಬನೇ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬೇಕಿತ್ತು. ಅಷ್ಟರಲ್ಲಿ ಜಯಂತ್ ಜಮಖಾನದ ಮೇಲೆ ಪಕ್ಕಕ್ಕೆ ಸರಿದು, “ಬಾರೋ, ಇಲ್ಲಿ ಕೂತ್ಕೋ. ಈಗ ಕೇಳಿದ್ರೆ ಗೊತ್ತಾಗುತ್ತೆ” ಅಂದ. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ಅವನಿಗೆಂದು ಸರಿದು ಜಾಗ ಮಾಡಿದ್ದೇ ಇರಲಿಲ್ಲ.

“ಹೂಂ. ಆಗ ನಂಗೆ ಅರ್ಥ ಆಗಿರ್ಲಿಲ್ಲ ಬಿಡ್ರಪ್ಪ” ಅಂದ ಮಂಜೇಶ್. ಅಂದ ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಹೋಗಿ ಕೂತ. ಗಿರಿಧರ ಅವನ ಮಣಿಕಟ್ಟು ಹಿಡಿದು ತೊಡೆಯ ಮೇಲೆ ಏಳು ಹೊಡೆಸಿದ. ಎರಡು ಸಲ ತಪ್ಪಿತು. ಮತ್ತೆ ಹಾಕಿದಾಗ ಸಮಕ್ಕೆ ಸರಿಯಾಗಿ ಬಂದ. ಇಬ್ಬರೂ ಭೇಷ್ ಅಂದರು. ಗಿರಿಧರನ ಹೆಂಡತಿ ಕಾಫಿ ತಂದುಕೊಟ್ಟಳು. ಮುಂದಿನ ಭಾನುವಾರವೂ ತಪ್ಪದೆ ಬಾ ಅಂದರು.

ಮನೆಗೆ ಬರುವಷ್ಟರಲ್ಲಿ ವರ್ಷಾ ಬಾಗಿಲಲ್ಲೇ ನಿಂತಿದ್ದಳು.

“ಏನಂದ್ರು? ಒಪ್ಕಂಡ್ರಾ?”

“ಒಪ್ಕಂಡ್ರು” ಅಂದ.

“ನಾ ಏಳ್ಲಿಲ್ವಾ!” ಅವಳ ಮುಖ ಊರಗಲವಾಯಿತು. ಇವತ್ತು ಕೇಳಲೇಬೇಕು ಅಂತ ತಾನೇ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ಮೂರನೆಯ ಹಾಡಿಗೆ ತಂದು, ಅವನ ಪಕ್ಕದಲ್ಲಿ ಬಂದು ಕೂತಳು.

ಹಾಡುವವನು ತಮ್ಮನನ್ನು ಕರೆಯತೊಡಗಿದ. ತಕಿಟ ತಕಧಿಮಿ. ಹೊತ್ತಾಯಿತು ಬಾ ಅಂದ. ತಕಿಟ ತಕಧಿಮಿ. ಮಂಜೇಶ್ ಕಣ್ಣು ಮುಚ್ಚಿದ, ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡ, ಆ ದನಿಯೊಂದನ್ನೇ ಹಿಡಿದುಕೊಳ್ಳಲು ಒದ್ದಾಡಿದ. ಆ ಏಳು ಅವನನ್ನು ಬಿಡಲಿಲ್ಲ.

ವರ್ಷಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಎಷ್ಟ್ ಸಲ ಕೇಳುದ್ರೂ ಒಟ್ಟೆ ಕಿವುಚ್ದಂಗಾಯ್ತದೆ, ಅಲ್ವೇನ್ರೀ?”

“ಹೂಂ” ಅಂದ ಮಂಜೇಶ್. ಅವನಿಗೆ ಏನೂ ಆಗಲಿಲ್ಲ.